ಹಿಗ್ಗುಪಟ್ಟಿಯೂ ಕೈಯ ಕರ್ಮಣ್ಯತೆಯೂ

ಪಕ್ಷಾಘಾತಕ್ಕೆ ಸುಶ್ರುತಸಂಹಿತೆಯ ನಿದಾನಸ್ಥಾನವು ಹೇಳುವ ಲಕ್ಷಣದಲ್ಲಿ ಎರಡು ಪದಗಳು ಗಮನಾರ್ಹವಾಗಿವೆ. ದೇಹದ ಅರ್ಧಭಾಗವು ‘ಅಕರ್ಮಣ್ಯ’ವೂ ‘ಅಚೇತನ’ವೂ ಆಗುತ್ತದೆ, ಎಂದರೆ ಕೆಲಸಕ್ಕೆ ಒದಗದು, ಸ್ಪರ್ಶವನ್ನೂ ಅರಿಯದು. ಬೆಂಗಳೂರು–ಹಾಸನ ಹೆದ್ದಾರಿಯ ಹಿರೀಸಾವೆಯ ಕಡೆ ಜನರು ಲಕ್ವವೆಂದು ಕರೆಯುವ ಈ ರೋಗದಲ್ಲಿ, ಸೋತ ಕೈಗೆ ಹಿಗ್ಗುವ ಅಂಟುಪಟ್ಟಿಯನ್ನು ಹಚ್ಚುವ ಕ್ರಮವೊಂದು ಈಚಿನ ದಶಕಗಳಲ್ಲಿ ಹಬ್ಬಿದೆ. ಅದರ ಪರವಾದ ಮಾತುಗಳನ್ನು ಈ ಎರಡು ಪದಗಳ ಒರೆಗಲ್ಲಿಗೆ ಹಚ್ಚಿ ನೋಡುವುದು ಉಚಿತ. ಆಘಾತವಾದೊಡನೆ ಆಸ್ಪತ್ರೆಯ ದಾರಿ ಹಿಡಿಯತಕ್ಕದ್ದು. ಪಟ್ಟಿಯದು ಆಮೇಲಿನ ಮಾತು.

1970ರ ದಶಕದಲ್ಲಿ ಜಪಾನಿನ ಕೆಂಜೊ ಕಾಸೆ ಎಂಬವರು ಇದನ್ನು ರೂಪಿಸಿದರು. ಹತ್ತಿಯ ನೆಯ್ಗೆ, ಒಳಮೈಗೆ ಅಂಟು, ಔಷಧದ ಲೇಪವಿಲ್ಲ. ಉದ್ದಕ್ಕೆ ಮಾತ್ರ ಹಿಗ್ಗುತ್ತದೆ. ಮೂರರಿಂದ ಐದು ದಿನ ಮೈಮೇಲೆ ನಿಲ್ಲುತ್ತದೆ. (ಹಿಗ್ಗು ಎಂಬುದಕ್ಕೆ ಸಂತೋಷವೆಂದೂ ಅರ್ಥವುಂಟು, ಪ್ರತಿಪಾದಕರ ಬರಹಗಳಲ್ಲಿ ಆ ಅರ್ಥವೇ ಹೆಚ್ಚಾಗಿ ತೋರುತ್ತದೆ.) ಮಣಿಕಟ್ಟೂ ಬೆರಳುಗಳೂ ಒಳಕ್ಕೆ ಮಡಿಸಿ ಬಿಗಿದುಕೊಳ್ಳುವುದರಿಂದ, ಮುಂಗೈಯ ಹೊರಮೈಗೆ ಹಚ್ಚಿ ಬಿಚ್ಚುವ ದಿಕ್ಕಿಗೆ ಆಸರೆ ಕೊಡುವುದು ವಾಡಿಕೆ. ಚರ್ಮದ ಮೇಲಣ ಸೆಳೆತವು ಅಂಗದ ಇರವನ್ನು ಮೆದುಳಿಗೆ ತಿಳಿಸುತ್ತದೆಂಬುದು ಊಹೆ.

ಇದು ಸುಶ್ರುತನ ಬಂಧವಿಧಿಯೇ ಎನ್ನುವುದು ಸುಲಭ. ಆದರೆ ಆ ಮಾತು ನಿಲ್ಲದು. ಸೂತ್ರಸ್ಥಾನದ 18ನೆಯ ಅಧ್ಯಾಯದಲ್ಲಿ 14 ಬಗೆಯ ಬಂಧಗಳಿವೆ. ಬೆರಳಿನ ಗಿಣ್ಣುಗಳಿಗೆ ಕೋಶ, ಸಂಧಿಗೂ ಅಂಗೈಗೂ ಸ್ವಸ್ತಿಕ. ಕೈಕಾಲುಗಳಿಗೆ ಗಾಢವೂ ಶಿಥಿಲವೂ ಅಲ್ಲದ ಸಮಬಂಧ. ವಿವೇಚನೆ ಇಷ್ಟು ಸೂಕ್ಷ್ಮವಾಗಿದ್ದರೂ ಅಧ್ಯಾಯದ ವಿಷಯ ವ್ರಣ. ಪಕ್ಷಾಘಾತಕ್ಕೆ ಚಿಕಿತ್ಸಾಸ್ಥಾನವು ವಿಧಿಸುವುದು ಸ್ನೇಹ, ಸ್ವೇದ, ಬಸ್ತಿ ಮೊದಲಾದುವನ್ನು. ಪ್ರಾಚೀನರು ಹೇಳದುದನ್ನು ಅವರ ತಲೆಗೆ ಕಟ್ಟುವುದು ಅವರಿಗೆ ಸಲ್ಲಿಸುವ ಗೌರವವಲ್ಲ.

ಇನ್ನು ಫಲದ ಮಾತು. ‘ಕೈ ಸುಧಾರಿಸಿತು’ ಎಂಬ ವಾಕ್ಯವೇ ಚಿಂತ್ಯವಾಗಿದೆ. ನೋವು ತಗ್ಗುವುದು ಬೇರೆ, ಬಿಗಿತ ಸಡಿಲುವುದು ಬೇರೆ, ಕೈ ಕೆಲಸಕ್ಕೆ ಬರುವುದು ಬೇರೆ. 1975ರಲ್ಲಿ ಪ್ರಕಟವಾದ ಫುಗಲ್–ಮೇಯರ್ ಮಾಪನದಲ್ಲಿ ತೋಳುಕೈಗಳ ಚಲನೆಗೆ 66 ಅಂಕಗಳು. ಅದರಲ್ಲಿ ಕೆಲವು ಏರಿದರೆ ಚಲನೆ ಹೆಚ್ಚಿತೆನ್ನಬಹುದು. ಕರ್ಮಣ್ಯತೆ ಬಂದಿತೆನ್ನಲು ಹಿರೀಸಾವೆಯ ರೈತನ ಬಲಗೈ ಮುದ್ದೆಯನ್ನು ಮುರಿದು ಸಾರಿನಲ್ಲಿ ಅದ್ದಬೇಕು, ಹಸುವಿನ ಕಣ್ಣಿಯನ್ನು ಬಿಚ್ಚಬೇಕು. ಅನೇಕ ಪ್ರಯೋಗಗಳು ಅಲ್ಪಸಂಖ್ಯೆಯ ರೋಗಿಗಳಲ್ಲಿ, ಕೆಲವೇ ವಾರ ನಡೆದಂಥವು. ಪಟ್ಟಿಯೊಡನೆ ವ್ಯಾಯಾಮವೂ ಸೇರಿರುತ್ತದೆ. ಇಲ್ಲಿ ಅನ್ವಯ ಮಾತ್ರ ಸಾಲದು. ವ್ಯಾಯಾಮವನ್ನಷ್ಟೇ ಪಡೆದವರೊಡನೆ, ಸೆಳೆತವಿಲ್ಲದ ಪಟ್ಟಿ ಹಚ್ಚಿಸಿಕೊಂಡವರೊಡನೆ ಹೋಲಿಸಿದಲ್ಲದೆ ವ್ಯತಿರೇಕ ಸಿದ್ಧಿಸದು. ಅಂಥ ಹೋಲಿಕೆಗಳಲ್ಲಿ ಫಲವು ಒಂದೇ ತೆರನಾಗಿ ಕಂಡುಬಂದಿಲ್ಲ. ವ್ಯಾಯಾಮಕ್ಕೆ ಒತ್ತಾಸೆಯೆಂದು ಪಟ್ಟಿಯನ್ನು ಒಪ್ಪಬಹುದು. ವ್ಯಾಯಾಮದ ಸ್ಥಾನದಲ್ಲಿ ಕೂರಿಸಲಾಗದು.

ಎರಡನೆಯ ಪದವನ್ನಂತೂ ಪ್ರತಿಪಾದಕರು ಮರೆತಂತಿದೆ. ಸ್ಪರ್ಶವರಿಯದ ಕೈ ತನ್ನ ತುರಿಕೆಯನ್ನೂ ಗುಳ್ಳೆಯನ್ನೂ ಹೇಳಲಾರದು. ಪಟ್ಟಿಯ ಅಂಚನ್ನು ದಿನವೂ ಮನೆಯವರ ಕಣ್ಣೇ ನೋಡಬೇಕು. ಇದಕ್ಕಿಂತ ಮುಖ್ಯವಾದುದು ಇನ್ನೊಂದಿದೆ. ಚರ್ಮದ ಸೆಳೆತದಿಂದ ಮೆದುಳಿಗೆ ಸುದ್ದಿ ಮುಟ್ಟುವುದೆಂಬ ಊಹೆಯು, ಸುದ್ದಿಯ ದಾರಿಯೇ ಕೆಟ್ಟಿರುವ ಕೈಯಲ್ಲಿ ಹೇಗೆ ನಡೆದೀತು? ಸ್ಪರ್ಶ ಉಳಿದವರನ್ನೂ ಅಳಿದವರನ್ನೂ ಬೇರೆ ಬೇರೆಯಾಗಿ ಎಣಿಸಿ ಫಲವನ್ನು ಬರೆದಿಟ್ಟ ಹೊರತು ಈ ಪ್ರಶ್ನೆ ಇತ್ಯರ್ಥವಾಗದು.