ಕರುಳಿನ ಶಸ್ತ್ರಚಿಕಿತ್ಸೆಯ ಬಳಿಕ ನಡಿಗೆ ಮತ್ತು ಪಥ್ಯ

ದೊಡ್ಡ ಕರುಳಿನ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆಯಾಗಿ ಮನೆಗೆ ಮರಳಿದ ರೋಗಿಯನ್ನು ನಮ್ಮವರು ನೋಡಿಕೊಳ್ಳುವ ಪ್ರೀತಿಯನ್ನು ಕಂಡವರಾರೂ ಅದನ್ನು ಹಳಿಯಲಾರರು. ಆದರೂ ಹೊಲಿಗೆ ಬಿಚ್ಚೀತೆಂಬ ಭಯದಿಂದ ನಡಿಗೆಯನ್ನೂ, ಗಾಯಕ್ಕೆ ನಂಜಾದೀತೆಂಬ ಭಯದಿಂದ ಮೊಟ್ಟೆ, ಮೀನು, ಬೇಳೆಗಳನ್ನೂ ತಿಂಗಳುಗಟ್ಟಲೆ ನಿಷೇಧಿಸಿ, ತಿಳಿಗಂಜಿಯನ್ನೂ ಹಾಸಿಗೆಯನ್ನೂ ಮಾತ್ರ ಉಳಿಸುವ ಪಥ್ಯಪದ್ಧತಿಯು ಆ ಪ್ರೀತಿಗೆ ತಕ್ಕ ಫಲವನ್ನು ಕೊಡುತ್ತಿದೆಯೇ ಎಂದು ಕೇಳದೆ ಇರಲಾಗದು. ಈ ಪ್ರಶ್ನೆಯ ಒಂದರ್ಧಕ್ಕೆ, ಎಂದರೆ ನಡಿಗೆಯ ಭಾಗಕ್ಕೆ, ಬಲವಾದ ಉತ್ತರವೊಂದನ್ನು 2025ರ ಜೂನ್‌ನಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಪತ್ರಿಕೆಯಲ್ಲಿ ಪ್ರಕಟವಾದ ‘ಚಾಲೆಂಜ್’ ಎಂಬ ಅಧ್ಯಯನವು ಕೊಟ್ಟಿದೆ.

ಕೆನಡಾದ ಕೆರಿ ಕೋರ್ನೇಯ, ಕ್ರಿಸ್ಟೋಫರ್ ಬೂತ್ ಮೊದಲಾದವರು 2009ರಲ್ಲಿ ಆರಂಭಿಸಿದ ಈ ಪ್ರಯೋಗದಲ್ಲಿ, ಮುಖ್ಯವಾಗಿ ಕೆನಡಾ, ಆಸ್ಟ್ರೇಲಿಯ ದೇಶಗಳ, ಶಸ್ತ್ರಚಿಕಿತ್ಸೆಯನ್ನೂ ಕೀಮೋಥೆರಪಿಯನ್ನೂ ಮುಗಿಸಿದ 889 ಮಂದಿ ಸೇರಿದ್ದರು. ಅವರನ್ನು ಚೀಟಿಯೆತ್ತಿದ ರೀತಿಯಲ್ಲಿ ಎರಡು ಪಂಗಡಗಳಾಗಿ ವಿಂಗಡಿಸಿ, ಒಂದಕ್ಕೆ ಮೂರು ವರ್ಷಗಳ ಕ್ರಮಬದ್ಧ ವ್ಯಾಯಾಮವನ್ನು ವಿಧಿಸಲಾಯಿತು. ವಾರಕ್ಕೆ ಮೂರು ನಾಲ್ಕು ಸಲ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಚುರುಕಾಗಿ ನಡೆದರೆ ಆಗುವಷ್ಟು ಶ್ರಮವನ್ನು ಹಿಂದಿನ ಚಟುವಟಿಕೆಗೆ ಸೇರಿಸಿಕೊಳ್ಳುವುದು ಅದರ ಗುರಿ. ಐದು ವರ್ಷ ಕಳೆದಾಗ ರೋಗ ಮರುಕಳಿಸದೆ ಉಳಿದವರು ವ್ಯಾಯಾಮದ ಪಂಗಡದಲ್ಲಿ ಶೇಕಡ 80.3, ಇನ್ನೊಂದರಲ್ಲಿ ಶೇಕಡ 73.9, ಎಂಟು ವರ್ಷಗಳ ಕೊನೆಗೆ ಬದುಕಿದ್ದವರು ಅನುಕ್ರಮವಾಗಿ ಶೇಕಡ 90.3 ಮತ್ತು 83.2.

ಈ ಅಂಕಿಗಳನ್ನು ಓದಿ, ನಡೆದರೆ ಒಳ್ಳೆಯದೆಂಬ ಹಳೆಯ ಹಿತವಚನವೇ ಸಿದ್ಧವಾಯಿತೆಂದು ತೃಪ್ತರಾಗುವವರಿಗೆ ಅಧ್ಯಯನದ ತಿರುಳು ದಕ್ಕಲಿಲ್ಲವೆಂದೇ ಹೇಳಬೇಕು. ಏಕೆಂದರೆ ಹಿಂದುಳಿದ ಪಂಗಡಕ್ಕೂ ಆ ಹಿತವಚನ ದೊರೆತಿತ್ತು. ವ್ಯಾಯಾಮದ ಮತ್ತು ಸದಾಹಾರದ ಮಹತ್ತ್ವವನ್ನು ತಿಳಿಸುವ ಬರಹಗಳನ್ನು ಅವರಿಗೂ ಕೊಡಲಾಗಿತ್ತು. ಮುಂದಾದ ಪಂಗಡಕ್ಕೆ ಇದಕ್ಕಿಂತ ಮಿಗಿಲಾಗಿ ದೊರೆತದ್ದು ಮನುಷ್ಯಸಹಾಯ: ಮೊದಲ ಆರು ತಿಂಗಳು ಹದಿನೈದು ದಿನಗಳಿಗೊಮ್ಮೆ ಎದುರು ಕುಳಿತು, ನಡೆದದ್ದೆಷ್ಟು, ನಡೆಯದಂತೆ ತಡೆದದ್ದೇನು ಎಂದು ವಿಚಾರಿಸಿ, ಕಣ್ಣೆದುರಿಗೆ ವ್ಯಾಯಾಮ ಮಾಡಿಸಿ, ಬಳಿಕ ಭೇಟಿಗಳ ನಡುವಣ ಅಂತರ ಹೆಚ್ಚಿದರೂ ಮೂರು ವರ್ಷ ಪೂರ್ತಿ ಕೈಬಿಡದ ತರಬೇತುಗಾರನೊಬ್ಬನ ಆಸರೆ. ಹೀಗಿರುವಾಗ ನಮ್ಮ ರೋಗಿಗೆ ‘ಸ್ವಲ್ಪ ವಾಕಿಂಗ್ ಮಾಡಿ’ ಎಂಬ ಒಂದೇ ಮಾತು ಹೇಳಿ ಬೀಳ್ಕೊಡುವ ವೈದ್ಯರು, ಆ ಪ್ರಯೋಗದ ಹಿಂದುಳಿದ ಪಂಗಡಕ್ಕೆ ಸಂದದ್ದಕ್ಕಿಂತಲೂ ಕಡಿಮೆಯನ್ನೇ ಕೊಟ್ಟಂತಾಗುತ್ತದೆ.

ಪ್ರಯೋಗಕ್ಕೆ ಮಿತಿಗಳೂ ಇವೆ. ಅದು ಆರಿಸಿಕೊಂಡದ್ದು ನಡೆಯಬಲ್ಲವರನ್ನು. ತೀರ ಬಳಲಿದವರಿಗೂ ಬೇರೆ ಕಾಯಿಲೆಗಳುಳ್ಳ ವೃದ್ಧರಿಗೂ ಅದರ ಫಲವನ್ನು ಹಾಗೆಯೇ ಅನ್ವಯಿಸುವುದು ಸಾಹಸವಾದೀತು. ಕೀಲು ಸ್ನಾಯುಗಳ ತೊಂದರೆ ವ್ಯಾಯಾಮದ ಪಂಗಡದಲ್ಲಿ ಶೇಕಡ 18.5, ಇನ್ನೊಂದರಲ್ಲಿ ಶೇಕಡ 11.5 ಇದ್ದಿತೆಂಬುದನ್ನೂ ಮರೆಯಲಾಗದು. ಕಲಬುರಗಿಯ ವೈಶಾಖದ ಬಿಸಿಲಿನಲ್ಲಾಗಲಿ, ಕಾಲುದಾರಿಯಿಲ್ಲದ ಪೇಟೆಯ ಬೀದಿಯಲ್ಲಾಗಲಿ ಕೆನಡಾದ ಕಾರ್ಯಕ್ರಮ ಯಥಾವತ್ತಾಗಿ ನಡೆಯಲಾರದು. ನಮ್ಮಲ್ಲಿ ಅದು ಮುಂಜಾವಿನ, ಇಲ್ಲವೇ ಮಹಡಿಯ, ಅಂಗಳದ ನಡಿಗೆಯಾಗಬೇಕು.

ಇದು ಕೀಮೋಥೆರಪಿ ಮುಗಿದ ಮೇಲಣ ಮಾತು. ಶಸ್ತ್ರಚಿಕಿತ್ಸೆಯಾದ ಮೊದಲ ದಿನಗಳ ವಿಷಯದಲ್ಲಿ ಡೆನ್ಮಾರ್ಕಿನ ಶಸ್ತ್ರವೈದ್ಯ ಹೆನ್ರಿಕ್ ಕೆಲೆಟ್ 1990ರ ದಶಕದಲ್ಲಿಯೇ ಹೊಸ ಮಾರ್ಗವನ್ನು ತೋರಿಸಿದ್ದರು: ರೋಗಿಯನ್ನು ಬೇಗ ಎಬ್ಬಿಸಿ ಕೂರಿಸುವುದು, ನಡೆಸುವುದು, ಬಾಯಿಯ ಮೂಲಕ ಆಹಾರವನ್ನು ತಡಮಾಡದೆ ಆರಂಭಿಸುವುದು. ಮಲಗಿದಷ್ಟೂ ಸ್ನಾಯು ಸೊರಗುತ್ತದೆ, ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚುತ್ತದೆ, ಶ್ವಾಸಕೋಶದಲ್ಲಿ ಕಫ ನಿಲ್ಲುತ್ತದೆ. ಸುಮಾರು ಆರು ವಾರ ತಪ್ಪಿಸಬೇಕಾದುದು ಭಾರವೆತ್ತುವುದನ್ನು, ಗಾಯದೆಡೆಯಲ್ಲಿ ಹರ್ನಿಯಾ ಆಗದಂತೆ. ನಡಿಗೆಗೆ ಆ ನಿಷೇಧವಿಲ್ಲ.

ಆಹಾರದ ವಿಷಯದಲ್ಲಿ ಇಷ್ಟು ನಿಶ್ಚಿತವಾದ ಪ್ರಮಾಣವಿಲ್ಲ. ಅಮೆರಿಕದ ಜೆಫ್ರಿ ಮೇಯರ್‌ಹಾರ್ಟ್ ಮತ್ತು ಸಂಗಡಿಗರು 2007ರಲ್ಲಿ 1009 ಮಂದಿ ರೋಗಿಗಳ ಆಹಾರಕ್ರಮವನ್ನು ಪರಿಶೀಲಿಸಿ, ಕೆಂಪು ಮಾಂಸ, ಸಂಸ್ಕರಿಸಿದ ಮಾಂಸ, ಸಿಹಿತಿಂಡಿ, ನಯವಾದ ಹಿಟ್ಟಿನ ಪದಾರ್ಥಗಳನ್ನು ಹೆಚ್ಚಾಗಿ ಉಣ್ಣುವವರಲ್ಲಿ ರೋಗ ಮರುಕಳಿಸುವುದು ಹೆಚ್ಚೆಂದು ಕಂಡರು. ಆದರೆ ಅದು ಅವಲೋಕನ, ಪ್ರಯೋಗವಲ್ಲ. ಕಾರಣವಿದೆಂದು ಅದರಿಂದ ಸಾಧಿಸಲಾಗದು. ಸಂದೇಹವಿಲ್ಲದ ಮಾತೆಂದರೆ ಗಾಯ ಮಾಯುವ ಕಾಲದಲ್ಲಿ ದೇಹಕ್ಕೆ ಪ್ರೋಟೀನ್ ಹೆಚ್ಚು ಬೇಕೆಂಬುದು. ದೇಹದ ತೂಕದ ಒಂದೊಂದು ಕಿಲೋಗ್ರಾಮಿಗೆ ದಿನಕ್ಕೆ 1.2ರಿಂದ 1.5 ಗ್ರಾಂ ಎಂಬ ಲೆಕ್ಕದಂತೆ, 60 ಕಿಲೋಗ್ರಾಂ ತೂಕದವರಿಗೆ 72ರಿಂದ 90 ಗ್ರಾಂ ಆಗುತ್ತದೆ. ಇದು ತಿಳಿಗಂಜಿಯಿಂದ ಎಂದಿಗೂ ಒದಗದು. ನಂಜೆಂದು ಹೊರಗಿಟ್ಟ ಬೇಳೆ, ಮೊಟ್ಟೆ, ಮೀನುಗಳೇ ಮೊಸರಿನೊಡನೆ ಈ ಕೊರತೆಯನ್ನು ತುಂಬತಕ್ಕವು. ಮೊದಲ ಕೆಲವು ವಾರ ನಾರು ಕಡಿಮೆಯಿರುವ ಮೆತ್ತನೆಯ ಅನ್ನ, ತೊವ್ವೆ, ಸಿಪ್ಪೆ ತೆಗೆದು ಬೇಯಿಸಿದ ತರಕಾರಿಗಳನ್ನು ಸ್ವಲ್ಪ ಸ್ವಲ್ಪವಾಗಿ ಐದಾರು ಸಲ ಕೊಟ್ಟು, ಕರುಳು ಒಗ್ಗಿದಂತೆ ರಾಗಿಯನ್ನೂ ಸೊಪ್ಪನ್ನೂ ಮರಳಿ ತರಬೇಕು. ಎಂದೆಂದಿಗೂ ಬಿಡಿಸುವುದು ತಪ್ಪು. ಸಣ್ಣ ಕರುಳನ್ನು ಹೊಟ್ಟೆಯ ಹೊರಕ್ಕೆ ತೆರೆದು ಚೀಲ ಜೋಡಿಸಿದವರಲ್ಲಿ ಉಪ್ಪೂ ನೀರೂ ಬಹಳವಾಗಿ ಸೋರಿಹೋಗುವುದರಿಂದ, ಹೆಚ್ಚು ಸೋರುವಾಗ ಬರಿಯ ನೀರು ಸಾಲದು. ಓಆರ್‌ಎಸ್ ದ್ರಾವಣ ಬೇಕು.

ಆದುದರಿಂದ ಆಸ್ಪತ್ರೆಗಳನ್ನು ನಡೆಸುವವರಲ್ಲಿ ನನ್ನ ಬಿನ್ನಹವಿದು: ರೋಗಿಯನ್ನು ಮನೆಗೆ ಕಳುಹಿಸುವ ದಿನ ಕೊಡುವ ಡಿಸ್ಚಾರ್ಜ್ ಪತ್ರದಲ್ಲಿ, ಗುಳಿಗೆಗಳ ಪಟ್ಟಿಯ ಕೆಳಗೆ, ಫಿಸಿಯೋಥೆರಪಿಸ್ಟರನ್ನೂ ಆಹಾರತಜ್ಞರನ್ನೂ ಮತ್ತೆ ಕಾಣಬೇಕಾದ ದಿನಾಂಕಗಳನ್ನು ಬರೆದುಕೊಡಿ. ಆ ವ್ಯವಸ್ಥೆಯಾಗುವವರೆಗೆ, ವೈದ್ಯರ ಅನುಮತಿ ಪಡೆದು, ಮನೆಯವರಲ್ಲಿ ಒಬ್ಬರಾದರೂ ದಿನವೂ ಹೊತ್ತಿಗೆ ಸರಿಯಾಗಿ ರೋಗಿಯ ಜೊತೆಯಲ್ಲಿ ನಡೆಯಿರಿ.