ಗೆದ್ದ ತಂಡ, ಒಡೆದ ಮನೆ

ಮಳೆ ಹಿಡಿದಿದೆ. ಶಿರ್ತಾಡಿಯ ಬೈಲುಗಳಲ್ಲಿ ನೀರು ನಿಂತಿದೆ. ಬೇಸಗೆಯಲ್ಲಿ ಅಂಡರ್‌ಆರ್ಮ್ ಪಂದ್ಯಾಟಕ್ಕೆ ಕಟ್ಟಿದ್ದ ಫ್ಲೆಕ್ಸುಗಳು ಈಗ ಕಟ್ಟಿಗೆ ರಾಶಿಗೆ, ಹಟ್ಟಿಯ ಮಾಡಿಗೆ ಹೊದಿಕೆಯಾಗಿವೆ. ಗದ್ದೆಗೆ ಇಳಿಯಲಾಗದ ಈ ತಿಂಗಳುಗಳು ಹಳೆಯ ಆಟಗಳ ಮಾತಿಗೇ ಮೀಸಲು. ಅದರಲ್ಲೂ ಜೂನ್ ಮೂರನೇ ವಾರ ಬಂತೆಂದರೆ ಒಂದು ಪ್ರಶ್ನೆ ತಪ್ಪದೆ ಏಳುತ್ತದೆ. 2017ರ ಜೂನ್ 20ರಂದು ಅನಿಲ್ ಕುಂಬ್ಳೆ ಭಾರತ ತಂಡದ ಮುಖ್ಯ ಕೋಚ್ ಹುದ್ದೆ ಬಿಟ್ಟರಲ್ಲ, ತಪ್ಪು ಯಾರದು?

ಕರಾವಳಿಯಲ್ಲಿ ಈ ಚರ್ಚೆ ಬೇಗ ಬಿಸಿಯೇರುತ್ತದೆ. ಕುಂಬ್ಳೆಯ ಹೆಸರಿನಲ್ಲೇ ಕಾಸರಗೋಡಿನ ಕುಂಬಳೆ ಇದೆ. ಅವರ ಜಾಗಕ್ಕೆ ಬಂದ ರವಿ ಶಾಸ್ತ್ರಿ ಬೆಳೆದದ್ದು ಮುಂಬೈಯಲ್ಲಾದರೂ ಮೂಲ ಕಾರ್ಕಳ ತಾಲೂಕಿನ ಎರ್ಲಪಾಡಿ ಕಡೆಯದು. ಅಲ್ಲಿನ ಕರ್ವಾಲು ದೇವಸ್ಥಾನಕ್ಕೆ ಅವರು ಬಂದು ಪೂಜೆ ಮಾಡಿಸಿಕೊಂಡು ಹೋಗುವುದು ಈ ಭಾಗದವರಿಗೆ ಗೊತ್ತಿದ್ದದ್ದೇ. ಹಾಗಾಗಿ ‘ನಮ್ಮವರು’ ಎಂಬ ವಾದ ಇಲ್ಲಿ ಎರಡೂ ಕಡೆಗೆ ನಡೆಯುತ್ತದೆ, ನಡೆದು ಎಲ್ಲಿಗೂ ಮುಟ್ಟುವುದಿಲ್ಲ. ಊರಿನ ಅಭಿಮಾನವನ್ನು ಬದಿಗಿಟ್ಟು ಆ ಋತುವನ್ನೇ ಮತ್ತೊಮ್ಮೆ ನೋಡಬೇಕು.

ಸೋತ ತಂಡದಲ್ಲಿ ಜಗಳ ಹುಟ್ಟುವುದು ಹೊಸತಲ್ಲ. ಇದು ಗೆಲ್ಲುತ್ತಲೇ ಇದ್ದ ತಂಡ. ಕುಂಬ್ಳೆ 2016ರ ಜೂನ್‌ನಲ್ಲಿ ಒಂದೇ ಒಂದು ವರ್ಷದ ಕರಾರಿಗೆ ಕೋಚ್ ಆದರು. ಮೊದಲ ಪ್ರವಾಸ ವೆಸ್ಟ್ ಇಂಡೀಸಿಗೆ, ಸರಣಿ 2–0. ಆಮೇಲೆ ತವರಿನಲ್ಲಿ ನ್ಯೂಜಿಲೆಂಡ್ ವಿರುದ್ಧ 3–0, ಇಂಗ್ಲೆಂಡ್ ವಿರುದ್ಧ 4–0, ಹೈದರಾಬಾದಿನಲ್ಲಿ ಬಾಂಗ್ಲಾದೇಶದ ಮೇಲೆ ಗೆಲುವು. ಚೆನ್ನೈಯಲ್ಲಿ ಕರುಣ್ ನಾಯರ್ ಔಟಾಗದೆ 303, ಸುರತ್ಕಲ್‌ನಲ್ಲಿ ಬೆಳೆದ ಕೆ.ಎಲ್. ರಾಹುಲ್ 199. ತಂಡದ ಮೊತ್ತ 7ಕ್ಕೆ 759. ನಾಯಕ ವಿರಾಟ್ ಕೊಹ್ಲಿ ಸತತ ನಾಲ್ಕು ಸರಣಿಗಳಲ್ಲಿ ಒಂದೊಂದು ದ್ವಿಶತಕ ಹೊಡೆದರು. ವರ್ಷದ ಲೆಕ್ಕ ಹೀಗೆ: 17 ಟೆಸ್ಟ್, 12 ಗೆಲುವು, 4 ಡ್ರಾ, 1 ಸೋಲು.

ಆ ಒಂದು ಸೋಲು ಪುಣೆಯದು. 2017ರ ಫೆಬ್ರವರಿಯಲ್ಲಿ ಆಸ್ಟ್ರೇಲಿಯ ಅಲ್ಲಿ 333 ರನ್‌ಗಳಿಂದ ಗೆದ್ದಿತು. ಭಾರತ 105ಕ್ಕೂ 107ಕ್ಕೂ ಉದುರಿತು. ಎಡಗೈ ಸ್ಪಿನ್ನರ್ ಸ್ಟೀವ್ ಓಕೀಫ್ ಎರಡೂ ಇನಿಂಗ್ಸ್‌ನಲ್ಲಿ 35 ರನ್ನಿಗೆ 6 ವಿಕೆಟ್ ಕಿತ್ತರು. ವಾರ ಕಳೆದು ಬೆಂಗಳೂರಿನಲ್ಲಿ ಮೊದಲ ದಿನವೇ ನೇಥನ್ ಲಯನ್ 50 ರನ್ನಿಗೆ 8 ವಿಕೆಟ್ ಎತ್ತಿದಾಗ ಸರಣಿ ಕೈಬಿಟ್ಟಿತೆಂದೇ ಎಲ್ಲರೂ ತಿಳಿದರು. ಎರಡನೇ ಇನಿಂಗ್ಸ್‌ನಲ್ಲಿ ಪೂಜಾರ ಮತ್ತು ರಹಾನೆ 118 ರನ್ ಸೇರಿಸಿದರು. 188ರ ಗುರಿ ಹಿಡಿದು ಹೊರಟ ಆಸ್ಟ್ರೇಲಿಯ ಅಶ್ವಿನ್‌ಗೆ 6 ವಿಕೆಟ್ ಕೊಟ್ಟು 112ಕ್ಕೆ ಮುಗಿಯಿತು. ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಆಡಿದ ಟೆಸ್ಟುಗಳಲ್ಲಿ ಇಷ್ಟು ಉಸಿರು ಹಿಡಿಸಿದ್ದು ಹೆಚ್ಚಿಲ್ಲ.

ಹೊರಗೆ ಇಷ್ಟು ಚೆಂದ ಕಾಣುತ್ತಿದ್ದಾಗ ಒಳಗೆ ಬಿರುಕು ಬಿಟ್ಟಿತ್ತು. ಮೇ 25ರಂದು, ತಂಡ ಚಾಂಪಿಯನ್ಸ್ ಟ್ರೋಫಿಗೆ ಇಂಗ್ಲೆಂಡಿಗೆ ಹೊರಟ ಹೊತ್ತಿಗೆ, ಹೊಸ ಕೋಚ್ ಬೇಕಾಗಿದ್ದಾರೆಂದು ಕ್ರಿಕೆಟ್ ಮಂಡಳಿ ಅರ್ಜಿ ಕರೆಯಿತು. ಕೆಲವೇ ದಿನಗಳಲ್ಲಿ, ಸುಪ್ರೀಂ ಕೋರ್ಟ್ ನೇಮಿಸಿದ್ದ ಆಡಳಿತಗಾರರ ಸಮಿತಿಯ ಸದಸ್ಯ, ಇತಿಹಾಸಕಾರ ರಾಮಚಂದ್ರ ಗುಹಾ ರಾಜೀನಾಮೆ ಕೊಟ್ಟರು. ಕುಂಬ್ಳೆಯನ್ನು ನಡೆಸಿಕೊಂಡ ರೀತಿಯನ್ನೂ ತಾರೆಗಳ ಆರಾಧನೆಯನ್ನೂ ಅವರ ಪತ್ರ ನೇರವಾಗಿ ಟೀಕಿಸಿತ್ತು. ಜೂನ್ 18ರಂದು ಓವಲ್‌ನಲ್ಲಿ ಫೈನಲ್. ಬುಮ್ರಾ ಬೌಲಿಂಗ್‌ನಲ್ಲಿ ಫಖರ್ ಜಮಾನ್ 3 ರನ್ನಿಗೆ ಕ್ಯಾಚಿತ್ತರು, ಎಸೆತ ನೋಬಾಲ್ ಆಯಿತು, ಅವರು 114ರವರೆಗೆ ಆಡಿದರು. ಪಾಕಿಸ್ತಾನಕ್ಕೆ 180 ರನ್ ಜಯ. ಎರಡೇ ದಿನಕ್ಕೆ ತಂಡ ಕೋಚ್ ಇಲ್ಲದೆ ವೆಸ್ಟ್ ಇಂಡೀಸಿಗೆ ವಿಮಾನ ಹತ್ತಿತು.

ರಾಜೀನಾಮೆಯ ಹೇಳಿಕೆಯಲ್ಲಿ ಕುಂಬ್ಳೆ ಬರೆದದ್ದನ್ನು ಮತ್ತೆ ಓದಬೇಕು. ತಮ್ಮ ಕೆಲಸದ ರೀತಿಯ ಬಗ್ಗೆ, ತಾವು ಮುಂದುವರಿಯುವುದರ ಬಗ್ಗೆ ನಾಯಕನಿಗೆ ಆಕ್ಷೇಪವಿದೆ ಎಂದು ಮಂಡಳಿಯಿಂದ ತಮಗೆ ಮೊದಲ ಸಲ ತಿಳಿದದ್ದೇ ಹಿಂದಿನ ದಿನ ಎಂದು ಅವರು ಹೇಳಿದ್ದರು. ತಂಡವನ್ನು ಕಟ್ಟುವ ಇಬ್ಬರ ನಡುವಿನ ಮುನಿಸನ್ನು ಕೊನೆಯ ಗಳಿಗೆಯವರೆಗೆ ಯಾರೂ ಇಬ್ಬರನ್ನೂ ಎದುರು ಕೂರಿಸಿ ಬಿಡಿಸಲಿಲ್ಲ. ಆಡಳಿತಗಾರರ ಸಮಿತಿಯ ಮುಖ್ಯಸ್ಥರಾಗಿದ್ದ ವಿನೋದ್ ರಾಯ್ 2022ರಲ್ಲಿ ಹೊರತಂದ ತಮ್ಮ ಪುಸ್ತಕದಲ್ಲಿ ಎರಡೂ ಕಡೆಯ ಅಹವಾಲು ದಾಖಲಿಸಿದ್ದಾರೆ: ಶಿಸ್ತು ಅತಿಯಾಯಿತು, ಕಿರಿಯರು ಹೆದರುತ್ತಾರೆ ಎಂಬುದು ತಂಡದ ಮಾತು, ನಾಯಕನ ಮಾತಿಗೇ ತೂಕ ಕೊಟ್ಟು ತಮಗೆ ಅನ್ಯಾಯ ಮಾಡಿದರು ಎಂಬುದು ಕುಂಬ್ಳೆಯ ನೋವು. ಅದೇ ಮೇ ತಿಂಗಳಲ್ಲಿ ಆಟಗಾರರ ವಾರ್ಷಿಕ ಸಂಭಾವನೆ ಹೆಚ್ಚಿಸಬೇಕೆಂದು ಸಮಿತಿಯ ಮುಂದೆ ಕುಳಿತು ವಾದಿಸಿದ್ದವರೂ ಇದೇ ಕುಂಬ್ಳೆ. 2002ರಲ್ಲಿ ಆಂಟಿಗುವಾದಲ್ಲಿ ಮುರಿದ ದವಡೆಗೆ ಪಟ್ಟಿ ಸುತ್ತಿಕೊಂಡು 14 ಓವರ್ ಹಾಕಿ ಲಾರಾ ವಿಕೆಟ್ ತೆಗೆದ ಮನುಷ್ಯ ತನ್ನಂತೆಯೇ ಇತರರೂ ಮೈಮುರಿಯಲಿ ಎಂದು ಬಯಸಿದ್ದರೆ ಅದು ಅರ್ಥವಾಗುವಂಥದ್ದೇ. ಇಪ್ಪತ್ತೆರಡರ ಹುಡುಗನಿಗೆ ಅದು ಭಾರವಾಗಿದ್ದರೆ ಅದೂ ಅರ್ಥವಾಗುವಂಥದ್ದೇ.

ಇಲ್ಲಿನ ಯುವಕ ಮಂಡಲಗಳನ್ನು ನೋಡಿದವರಿಗೆ ಕೊರತೆ ಎಲ್ಲಿತ್ತೆಂದು ಕೂಡಲೇ ಹೊಳೆಯುತ್ತದೆ. ಬಾಕಿಮಾರು ಗದ್ದೆಯಲ್ಲಿ ಪಂದ್ಯಾಟ ನಡೆಯುವಾಗ ಕ್ಯಾಪ್ಟನ್‌ಗೂ ಮ್ಯಾನೇಜರ್‌ಗೂ ಮಾತು ಬೆಳೆಯದ ವರ್ಷವಿಲ್ಲ. ಯಾರನ್ನು ಮೊದಲು ಆಡಿಸಬೇಕು, ಕೊನೆಯ ಓವರ್ ಯಾರಿಗೆ, ಹೊರಗಿನಿಂದ ಕರೆಸಿದ ಆಟಗಾರನಿಗೆ ಎಷ್ಟು – ಎಲ್ಲದಕ್ಕೂ ಜಟಾಪಟಿ. ಆದರೆ ಮಂಡಲಕ್ಕೊಬ್ಬ ಗೌರವಾಧ್ಯಕ್ಷರಿರುತ್ತಾರೆ. ಸಂಜೆ ಅವರ ಮನೆ ಜಗಲಿಯಲ್ಲಿ ಇಬ್ಬರೂ ಕೂರುತ್ತಾರೆ, ಚಾ ಬರುತ್ತದೆ, ‘ನಾಳೆ ಇಬ್ಬರೂ ಗದ್ದೆಯಲ್ಲಿರಬೇಕು’ ಎಂದು ಅವರು ಹೇಳಿದ ಮೇಲೆ ಯಾರೂ ಎದುರಾಡುವುದಿಲ್ಲ. 2017ರಲ್ಲಿ ಭಾರತೀಯ ಕ್ರಿಕೆಟ್‌ಗೆ ಆ ಜಗಲಿ ಇರಲಿಲ್ಲ. ಜನವರಿ 2ರಂದು ಸುಪ್ರೀಂ ಕೋರ್ಟ್ ಮಂಡಳಿಯ ಅಧ್ಯಕ್ಷ ಅನುರಾಗ್ ಠಾಕೂರ್ ಮತ್ತು ಕಾರ್ಯದರ್ಶಿ ಅಜಯ್ ಶಿರ್ಕೆಯನ್ನು ತೆಗೆದುಹಾಕಿತ್ತು. ಜನವರಿ ಕೊನೆಗೆ ಬಂದ ಆಡಳಿತಗಾರರ ಸಮಿತಿಗೆ ಮಂಡಳಿಯ ಸುಧಾರಣೆಗೆ ಲೋಧಾ ಸಮಿತಿ ಮಾಡಿದ ಶಿಫಾರಸು ಜಾರಿ ಮಾಡುವುದೇ ದೊಡ್ಡ ಹೊರೆ. ಕೋಚ್ ಆರಿಸುವ ಕೆಲಸ ಸಚಿನ್, ಗಂಗೂಲಿ, ಲಕ್ಷ್ಮಣ್ ಅವರ ಸಲಹಾ ಸಮಿತಿಯದು. ಅವರು ಕುಂಬ್ಳೆ ಮುಂದುವರಿಯಲಿ ಎಂದರು. ಹೇಳಿದ್ದನ್ನು ನಡೆಸಿಕೊಡುವ ಅಧಿಕಾರ ಅವರ ಕೈಯಲ್ಲಿರಲಿಲ್ಲ.

ಆ ಮೂವರೂ ಇನ್ನೊಂದು ಮುನಿಸನ್ನು ಒಳಗಿನಿಂದ ಕಂಡವರು. 2005ರ ಸೆಪ್ಟೆಂಬರ್‌ನಲ್ಲಿ ಜಿಂಬಾಬ್ವೆ ಪ್ರವಾಸದಿಂದ ಕೋಚ್ ಗ್ರೆಗ್ ಚಾಪೆಲ್ ಮಂಡಳಿಗೆ ಕಳಿಸಿದ ಇಮೇಲ್ ಪತ್ರಿಕೆಗಳ ಪಾಲಾಗಿ ಗಂಗೂಲಿ ನಾಯಕತ್ವ ಕಳೆದುಕೊಂಡಿದ್ದರು. ಆಗ ಮಂಡಳಿ ಕೋಚ್ ಪರ ವಾಲಿತು, 2017ರಲ್ಲಿ ನಾಯಕನ ಪರ. ಎರಡು ಸಲವೂ ಪಕ್ಷ ಹಿಡಿದದ್ದೇ ಹೊರತು ಇಬ್ಬರನ್ನೂ ಉಳಿಸಿಕೊಳ್ಳುವ ಯತ್ನ ಗಟ್ಟಿಯಾಗಿ ನಡೆಯಲಿಲ್ಲ.

ಕ್ರಿಕೆಟ್ ನಾಯಕನ ಆಟ, ಕೋಚ್ ಬೇಡವೇ ಬೇಡ ಎನ್ನುವ ಒಂದು ಪಂಥವಿದೆ. ಗ್ರೆಗ್ ಅವರ ಅಣ್ಣ ಇಯಾನ್ ಚಾಪೆಲ್ ಈ ವಾದವನ್ನು ದಶಕಗಳಿಂದ ಮಂಡಿಸುತ್ತಿದ್ದಾರೆ. ಇಲ್ಲಿಯೂ ಅದಕ್ಕೆ ಶಿಷ್ಯರಿದ್ದಾರೆ, ಕೊಹ್ಲಿ ಅಭಿಮಾನಿಗಳಿಗೆ 2017ರಲ್ಲಿ ಅದು ಅನುಕೂಲಕ್ಕೂ ಬಂತು. ಭಾರತದ ಇತಿಹಾಸ ಬೇರೆಯೇ ಹೇಳುತ್ತದೆ. 1971ರಲ್ಲಿ ಇಂಗ್ಲೆಂಡಿನಲ್ಲಿ ಮೊದಲ ಸರಣಿ ಗೆದ್ದ ತಂಡಕ್ಕೆ ಮ್ಯಾನೇಜರ್ ಆಗಿದ್ದವರು ಸೇನೆಯ ಅಧಿಕಾರಿ ಹೇಮು ಅಧಿಕಾರಿ. ಶಿಸ್ತಿಗೆ, ಫೀಲ್ಡಿಂಗ್ ಅಭ್ಯಾಸಕ್ಕೆ ಹೆಸರಾದವರು. ಆ ತಂಡದ ನಾಯಕ ಅಜಿತ್ ವಾಡೇಕರ್ ತೊಂಬತ್ತರ ದಶಕದಲ್ಲಿ ಅಜರುದ್ದೀನ್ ತಂಡದ ಮ್ಯಾನೇಜರ್ ಆದರು. 1993ರಲ್ಲಿ ಇಂಗ್ಲೆಂಡನ್ನು 3–0ರಿಂದ ಮಣಿಸಿದ ಆ ತಂಡದಲ್ಲಿ ಕುಂಬ್ಳೆ ಮೂರು ಟೆಸ್ಟುಗಳಲ್ಲಿ 21 ವಿಕೆಟ್ ಕಿತ್ತರು. ಹೊರಗೆ ಕುಳಿತು ನೋಡುವ ಎರಡನೇ ಕಣ್ಣು ನಾಯಕನ ಅಧಿಕಾರವನ್ನು ಕಿತ್ತುಕೊಳ್ಳುವುದಿಲ್ಲ.

ಆಟಗಾರರ ಮುನಿಸಿಗೆ ಮ್ಯಾನೇಜರ್ ಹುದ್ದೆ ಬಿಟ್ಟದ್ದು ಬೇರೆಡೆಯೂ ಉಂಟು. ದೂರದ ಐರ್ಲೆಂಡಿನಲ್ಲಿ ಹರ್ಲಿಂಗ್ ಎಂಬ ಆಟವಿದೆ. ಮರದ ಕೋಲು, ಚಿಕ್ಕ ಚೆಂಡು, ಒಂದೊಂದು ಕಡೆ 15 ಮಂದಿ. ಆಡುವವರಿಗೆ ಸಂಬಳವಿಲ್ಲ, ಎಲ್ಲರೂ ಬೇರೆ ಉದ್ಯೋಗದವರು, ಜಿಲ್ಲೆಯ ಹೆಸರಿಗಾಗಿ ಆಡುತ್ತಾರೆ. 2015ರ ಫೈನಲ್‌ನಲ್ಲಿ ಕಿಲ್ಕೆನಿಗೆ ಸೋತ ಗಾಲ್ವೇ ತಂಡದ ಆಟಗಾರರು ಮ್ಯಾನೇಜರ್ ಆಂಟನಿ ಕನಿಂಗ್‌ಹ್ಯಾಮ್ ವಿರುದ್ಧ ಅವಿಶ್ವಾಸ ವ್ಯಕ್ತಪಡಿಸಿದರು. ನವೆಂಬರ್‌ನಲ್ಲಿ ಅವರು ಹುದ್ದೆ ಬಿಟ್ಟರು. 2017ರ ಸೆಪ್ಟೆಂಬರ್‌ನಲ್ಲಿ ಹೊಸ ಮ್ಯಾನೇಜರ್ ಕೈಕೆಳಗೆ ಗಾಲ್ವೇ 1988ರ ನಂತರ ಮೊದಲ ಬಾರಿಗೆ ಕಪ್ ಎತ್ತಿತು. ಆಟಗಾರರ ನಿರ್ಧಾರವೇ ಸರಿ ಎಂಬುದಕ್ಕೆ ಈ ಕಪ್ಪನ್ನು ಸಾಕ್ಷಿ ಹಿಡಿಯುವವರಿದ್ದಾರೆ. ಕಪ್ಪಿನಿಂದ ಅದು ತೀರ್ಮಾನವಾಗುವುದಾದರೆ 12 ಗೆಲುವಿನ ಕುಂಬ್ಳೆ ಮನೆಗೆ ಹೋಗಬೇಕಾಗಿರಲಿಲ್ಲ.

ಇಷ್ಟು ಹೇಳಿದ ಮೇಲೆ ಈ ಅಂಕಣಕ್ಕೆ ನಿಜಕ್ಕೂ ಮುಖ್ಯವೆನಿಸುವ ದಿನಕ್ಕೆ ಬರಬಹುದು: 2017ರ ಮಾರ್ಚ್ 25, ಧರ್ಮಶಾಲಾ. ಅದೇ ಆಸ್ಟ್ರೇಲಿಯ ಸರಣಿ, 1–1. ರಾಂಚಿಯಲ್ಲಿ ಫೀಲ್ಡಿಂಗ್ ಮಾಡುವಾಗ ಭುಜಕ್ಕೆ ಪೆಟ್ಟಾಗಿ ಕೊಹ್ಲಿ ಹೊರಗಿದ್ದರು. ರಹಾನೆ ನಾಯಕ. ಬ್ಯಾಟ್ಸ್‌ಮನ್ ಜಾಗಕ್ಕೆ ಬ್ಯಾಟ್ಸ್‌ಮನ್ ಬರುತ್ತಾನೆಂದೇ ಎಲ್ಲರ ಲೆಕ್ಕ. ಬಂದದ್ದು ಕಾನ್ಪುರದ ಎಡಗೈ ಮಣಿಕಟ್ಟಿನ ಸ್ಪಿನ್ನರ್ ಕುಲದೀಪ್ ಯಾದವ್, ಚೊಚ್ಚಲ ಟೆಸ್ಟ್. ನೀನು ಆಡುತ್ತೀಯೆಂದು ಕುಂಬ್ಳೆ ಹಿಂದಿನ ದಿನವೇ ತಿಳಿಸಿ ಐದು ವಿಕೆಟ್ ಕೇಳಿದ್ದರೆಂದು ಕುಲದೀಪ್ ಆಮೇಲೆ ಹೇಳಿಕೊಂಡರು. ಕೊಹ್ಲಿಗೆ ಈ ಆಯ್ಕೆ ಹಿಡಿಸಿರಲಿಲ್ಲ, ಮುನಿಸಿಗೆ ಅದೂ ಒಂದು ಕಾರಣ ಎಂದು ಪತ್ರಿಕೆಗಳಲ್ಲಿ ಬಂತು.

ಊಟದ ಹೊತ್ತಿಗೆ ಆಸ್ಟ್ರೇಲಿಯ 1 ವಿಕೆಟ್‌ಗೆ 131. ವಾರ್ನರ್, ಸ್ಮಿತ್ ಇಬ್ಬರೂ ನೆಲೆಯೂರಿದ್ದರು. ಊಟವಾದ ಮೇಲೆ ಕುಲದೀಪ್ ಕೊಂಚ ಗಿಡ್ಡಕ್ಕೆ, ವೇಗವಾಗಿ ಒಂದು ಎಸೆದರು. ಕಟ್ ಮಾಡಬಹುದಾದ ಚೆಂಡೆಂದು ವಾರ್ನರ್ ಹಿಂದೆ ಸರಿದರು. ಅದು ಫ್ಲಿಪ್ಪರ್. ಎಣಿಸಿದ್ದಕ್ಕಿಂತ ಹೆಚ್ಚು ಪುಟಿದು ಬ್ಯಾಟಿನ ಅಂಚಿಗೆ ತಗಲಿ ಸ್ಲಿಪ್‌ನಲ್ಲಿದ್ದ ರಹಾನೆಯ ಕೈಗೆ ಹೋಯಿತು. ಹ್ಯಾಂಡ್ಸ್‌ಕಂಬ್ ಡ್ರೈವ್‌ಗೆ ಬ್ಯಾಟು ಚಾಚಿದರು, ಬ್ಯಾಟು–ಪ್ಯಾಡಿನ ಸಂದಿಯಲ್ಲಿ ಚೆಂಡು ನುಗ್ಗಿತು. ಮ್ಯಾಕ್ಸ್‌ವೆಲ್ ಗೂಗ್ಲಿಯನ್ನು ಗುರುತಿಸಲೇ ಇಲ್ಲ. 1ಕ್ಕೆ 144 ಇದ್ದದ್ದು 300ಕ್ಕೆ ಸರ್ವಪತನ, ಸ್ಮಿತ್ ಶತಕ ಬಾರಿಸಿದರೂ. ಕುಲದೀಪ್‌ಗೆ 68 ರನ್ನಿಗೆ 4. ಪಂದ್ಯವನ್ನು ಭಾರತ 8 ವಿಕೆಟ್‌ಗಳಿಂದ ಗೆದ್ದಿತು. ಆ ಸರಣಿಯಲ್ಲಿ ಆರು ಅರ್ಧಶತಕ ಹೊಡೆದ ರಾಹುಲ್ ಕೊನೆಯವರೆಗೂ ಕ್ರೀಸಿನಲ್ಲಿದ್ದರು.

ಇದಕ್ಕಿಂತ ದಿಟ್ಟ ಆಯ್ಕೆಯನ್ನು ಭಾರತ ಇತ್ತೀಚಿನ ವರ್ಷಗಳಲ್ಲಿ ಮಾಡಿದ್ದು ಕಡಿಮೆ. ಅದು ಬಂದದ್ದು ಮಣಿಕಟ್ಟಿನ ಸ್ಪಿನ್ನಿನ ಮೇಲೆ ನಂಬಿಕೆಯಿದ್ದ ಕೋಚ್ ಇದ್ದದ್ದರಿಂದ. ಕರ್ನಾಟಕಕ್ಕೆ ಅದು ಹೊಸ ನಂಬಿಕೆಯಲ್ಲ. 1971ರ ಆಗಸ್ಟ್‌ನಲ್ಲಿ ಓವಲ್‌ನಲ್ಲಿ ಬಿ.ಎಸ್. ಚಂದ್ರಶೇಖರ್ 38 ರನ್ನಿಗೆ 6 ವಿಕೆಟ್ ಕಿತ್ತು ಇಂಗ್ಲೆಂಡನ್ನು 101ಕ್ಕೆ ಇಳಿಸಿದ ದಿನದಿಂದ ಬೇರುಬಿಟ್ಟದ್ದು. ಪೋಲಿಯೊ ಬಾಧಿಸಿದ ಬಲಗೈಯಿಂದಲೇ ಚಂದ್ರ 242 ಟೆಸ್ಟ್ ವಿಕೆಟ್ ಪಡೆದರು. ಕುಂಬ್ಳೆ 619. ರನ್ ಬಿಟ್ಟುಕೊಡುತ್ತಾರೆ, ನಿಯಂತ್ರಣವಿಲ್ಲ, ಬಾಲದಲ್ಲಿ ಬ್ಯಾಟಿಂಗ್ ಇಲ್ಲ ಎಂಬ ದೂರುಗಳನ್ನು ಈ ಪರಂಪರೆ ಯಾವತ್ತೂ ಕೇಳಿಸಿಕೊಂಡಿದೆ, ಯಾವತ್ತೂ ಪಂದ್ಯ ಗೆಲ್ಲಿಸಿಕೊಟ್ಟಿದೆ.

ಆಮೇಲೆ ಕುಲದೀಪ್‌ಗೆ ಆದದ್ದನ್ನು ನೋಡಿ. 2019ರ ಜನವರಿಯಲ್ಲಿ ಸಿಡ್ನಿಯಲ್ಲಿ 99ಕ್ಕೆ 5. ವಿದೇಶದಲ್ಲಿ ಇನ್ನು ಇವರೇ ಮೊದಲ ಸ್ಪಿನ್ನರ್ ಎಂದು ಶಾಸ್ತ್ರಿ ಹೇಳಿದರು. ಮುಂದಿನ ಟೆಸ್ಟ್ ಸಿಕ್ಕಿದ್ದು 2021ರ ಫೆಬ್ರವರಿಯಲ್ಲಿ. 2022ರ ಡಿಸೆಂಬರ್‌ನಲ್ಲಿ ಚಟ್ಟೋಗ್ರಾಮದಲ್ಲಿ 8 ವಿಕೆಟ್, 40 ರನ್, ಪಂದ್ಯಶ್ರೇಷ್ಠ; ಮುಂದಿನ ಟೆಸ್ಟಿಗೆ ಮೀರ್‌ಪುರದಲ್ಲಿ ಕೈಬಿಟ್ಟರು. ನಾಯಕ ರಾಹುಲ್, ಕೋಚ್ ರಾಹುಲ್ ದ್ರಾವಿಡ್, ಇಬ್ಬರೂ ಚಂದ್ರ–ಕುಂಬ್ಳೆಯ ನಾಡಿನವರು! ಅವರಿಬ್ಬರ ನಡುವೆ ಭಿನ್ನಾಭಿಪ್ರಾಯ ಇತ್ತೆಂದು ಯಾರೂ ಬರೆಯಲಿಲ್ಲ. 2024ರ ಮಾರ್ಚ್‌ನಲ್ಲಿ ಮತ್ತೆ ಧರ್ಮಶಾಲಾ, ಇಂಗ್ಲೆಂಡ್ ವಿರುದ್ಧ ಮೊದಲ ದಿನ 72ಕ್ಕೆ 5. 2025ರ ಇಂಗ್ಲೆಂಡ್ ಪ್ರವಾಸದಲ್ಲಿ ನಾಯಕ ಶುಭಮನ್ ಗಿಲ್, ಕೋಚ್ ಗೌತಮ್ ಗಂಭೀರ್ ಇಬ್ಬರಿಗೂ ಎಂಟನೇ ಕ್ರಮಾಂಕದವರೆಗೆ ಬ್ಯಾಟಿಂಗ್ ಬೇಕಿತ್ತು, ಇಬ್ಬರೂ ಒಮ್ಮತದಿಂದಿದ್ದರು. ಐದೂ ಟೆಸ್ಟುಗಳಲ್ಲಿ ಕುಲದೀಪ್ ಬೆಂಚಿನಲ್ಲಿದ್ದರು.

ಅಕ್ಟೋಬರ್‌ನಲ್ಲಿ ದೆಹಲಿಯಲ್ಲಿ, 1999ರಲ್ಲಿ ಕುಂಬ್ಳೆ ಪಾಕಿಸ್ತಾನದ ಹತ್ತಕ್ಕೆ ಹತ್ತೂ ಕಿತ್ತ ಕೋಟ್ಲಾ ಅಂಗಳದಲ್ಲೇ, ವೆಸ್ಟ್ ಇಂಡೀಸ್ ವಿರುದ್ಧ ಕುಲದೀಪ್‌ರನ್ನು ಆಡಿಸಿದರು. 82ಕ್ಕೆ 5, ಪಂದ್ಯದಲ್ಲಿ ಒಟ್ಟು 8 ವಿಕೆಟ್. ಮುಂದಿನ ವಿದೇಶ ಪ್ರವಾಸದ ಹನ್ನೊಂದರ ಪಟ್ಟಿ ಬರೆಯಲು ಕೂರುವಾಗ ಆ ಕೋಣೆಯಲ್ಲಿ ಒಬ್ಬರಾದರೂ ಇವರ ಹೆಸರಿಗಾಗಿ ಜಗಳ ಕಾಯಲಿ.