ಕೊಲೆಸ್ಟ್ರಾಲ್‌ಗೆ ಯಾವ ಮೊಸರು?

ರಕ್ತಪರೀಕ್ಷೆಯಲ್ಲಿ ‘ಕೆಟ್ಟ ಕೊಲೆಸ್ಟ್ರಾಲ್’ ಎನ್ನಿಸಿಕೊಂಡ ಎಲ್‌ಡಿಎಲ್ 130ರಿಂದ 159ರೊಳಗೆ ಬಂದರೆ ಮನೆಯವರೆಲ್ಲ ಹೇಳುವುದು ಒಂದೇ: ತುಪ್ಪ ಬಿಡು, ಮೊಸರು ಜಾಸ್ತಿ ತಿನ್ನು. ಮೊಸರಿನ ಮಾತು ಬುಡವಿಲ್ಲದ್ದಲ್ಲ. ಪೂರ್ವ ಆಫ್ರಿಕಾದ ಮಸಾಯಿ ಜನ ಹುದುಗಿಸಿದ ಹಾಲನ್ನು ಯಥೇಚ್ಛ ಕುಡಿದು ಮೈತೂಕ ಏರಿಸಿಕೊಂಡರೂ ಅವರ ಕೊಲೆಸ್ಟ್ರಾಲ್ ಇಳಿದದ್ದನ್ನು ಸಂಶೋಧಕ ಜಾರ್ಜ್ ಮನ್ 1974ರಲ್ಲೇ ವರದಿ ಮಾಡಿದ್ದರು. ಆದರೆ ಪ್ರೋಬಯಾಟಿಕ್ ಎಂಬ ಹೆಸರಿಗೆ ಈ ಗುಣ ಬರುವುದಿಲ್ಲ, ಬರುವುದು ಬ್ಯಾಕ್ಟೀರಿಯಾದ ನಿರ್ದಿಷ್ಟ ತಳಿಗೆ. ಯಕೃತ್ತು ಕೊಲೆಸ್ಟ್ರಾಲ್‌ನಿಂದ ಪಿತ್ತಾಮ್ಲ ತಯಾರಿಸಿ, ಅದಕ್ಕೆ ಗ್ಲೈಸಿನ್ ಇಲ್ಲವೇ ಟಾರಿನ್ ಜೋಡಿಸಿ ಕರುಳಿಗೆ ಬಿಡುತ್ತದೆ. ಕೊಬ್ಬು ಜೀರ್ಣವಾದ ಮೇಲೆ ಅದರಲ್ಲಿ ಸುಮಾರು ಶೇ 95 ಭಾಗ ಸಣ್ಣ ಕರುಳಿನ ಕೊನೆಯಲ್ಲಿ ಹೀರಲ್ಪಟ್ಟು ಯಕೃತ್ತಿಗೆ ವಾಪಸಾಗುತ್ತದೆ. ಕೆಲವು ಲ್ಯಾಕ್ಟೊಬ್ಯಾಸಿಲಸ್ ತಳಿಗಳ ಕಿಣ್ವ ಆ ಜೋಡಣೆಯನ್ನೇ ಕತ್ತರಿಸುತ್ತದೆ. ಕತ್ತರಿಸಿದ ಪಿತ್ತಾಮ್ಲ ಸುಲಭವಾಗಿ ಹೀರಲ್ಪಡದೆ ಮಲದಲ್ಲಿ ಹೋಗುತ್ತದೆ. ನಷ್ಟ ತುಂಬಿಸಲು ಯಕೃತ್ತು ರಕ್ತದಿಂದ ಕೊಲೆಸ್ಟ್ರಾಲ್ ಸೆಳೆಯಬೇಕಾಗುತ್ತದೆ. ಲ್ಯಾಕ್ಟೊಬ್ಯಾಸಿಲಸ್ ರಾಯಿಟೆರಿಯ ಎನ್‌ಸಿಐಎಂಬಿ 30242 ಎಂಬ ತಳಿಯನ್ನು ಕ್ಯಾಪ್ಸೂಲ್‌ನಲ್ಲಿ ಒಂಬತ್ತು ವಾರ ಕೊಟ್ಟ ಪ್ರಯೋಗದ ಫಲ 2012ರಲ್ಲಿ ಪ್ರಕಟವಾಯಿತು. 127 ಮಂದಿಯಿದ್ದ ಆ ಪ್ರಯೋಗದಲ್ಲಿ, ಬರಿಯ ಹುಸಿಗುಳಿಗೆ ಪಡೆದವರಿಗೆ ಹೋಲಿಸಿದರೆ ಎಲ್‌ಡಿಎಲ್ ಸುಮಾರು ಶೇ 11ರಷ್ಟು ತಗ್ಗಿತು.

ಸ್ಟ್ಯಾಟಿನ್ ಮಾತ್ರೆ ಶೇ 30ರಿಂದ 50ರಷ್ಟು ಇಳಿಸುವಾಗ ಇಷ್ಟರಿಂದೇನು ಎನ್ನಬಹುದು. ಗಡಿ ಸ್ವಲ್ಪವೇ ದಾಟಿದವರಿಗೆ, ಊಟ-ನಡಿಗೆಯ ಶಿಸ್ತಿನ ಜೊತೆ ಅಷ್ಟೂ ಬೆಲೆಯುಳ್ಳದ್ದೇ. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಬೇರೆಯಿದೆ: ಪ್ರೋಬಯಾಟಿಕ್‌ನಿಂದ ಹೃದಯಾಘಾತ ತಪ್ಪುತ್ತದೆಂದು ಯಾವ ದೊಡ್ಡ ಪ್ರಯೋಗವೂ ತೋರಿಸಿಲ್ಲ. ಹಾಗಾಗಿ ಸಕ್ಕರೆ ಕಾಯಿಲೆಯವರು, ಈಗಾಗಲೇ ಹೃದಯದ ತೊಂದರೆ ಕಂಡವರು, ಎಲ್‌ಡಿಎಲ್ 190 ಮುಟ್ಟಿದವರು ಇದನ್ನು ನಂಬಿ ವೈದ್ಯರು ಬರೆದ ಮಾತ್ರೆ ಬಿಡುವುದು ಅಪಾಯ, ಅದರಲ್ಲಿ ರಾಜಿಯೇ ಇಲ್ಲ.

ಹಾಗಾದರೆ ಮನೆಯ ಮೊಸರು ಸಾಲದೇ? ಊಟಕ್ಕೆ ಧಾರಾಳವಾಗಿ ಸಾಕು, ಚಿಕಿತ್ಸೆಗೆ ಸಾಲದು. ಒಂದೊಂದು ಮನೆಯ ಹೆಪ್ಪಿನಲ್ಲಿ ಒಂದೊಂದು ಬಗೆಯ ಬ್ಯಾಕ್ಟೀರಿಯಾ; ಪಿತ್ತಾಮ್ಲ ಕತ್ತರಿಸುವ ತಳಿ ಅದರಲ್ಲಿದೆಯೋ ಇಲ್ಲವೋ ಹೇಳುವವರಿಲ್ಲ. ಮಜ್ಜಿಗೆಹುಳಿ ಕುದಿಸಿದರೆ ಇದ್ದವೂ ಸಾಯುತ್ತವೆ. ಎಮ್ಮೆ ಹಾಲಿನ ಕೆನೆಮೊಸರಾದರೆ ಎಲ್‌ಡಿಎಲ್ ಏರಿಸುವ ಕೊಬ್ಬೂ ಜೊತೆಗೇ ಬರುತ್ತದೆ, ಕೆನೆ ತೆಗೆದೇ ಹೆಪ್ಪು ಹಾಕುವುದು ಮೇಲು. ಕೊಳ್ಳುವುದಾದರೆ ಡಬ್ಬಿಯ ಮೇಲೆ ತಳಿಯ ಸಂಖ್ಯೆ ಇದೆಯೇ ನೋಡಿ, ವೈದ್ಯರಿಗೆ ತಿಳಿಸಿ, ಎರಡು-ಮೂರು ತಿಂಗಳ ಮೇಲೆ ಅದೇ ಲ್ಯಾಬಿನಲ್ಲಿ ಮತ್ತೆ ಪರೀಕ್ಷೆ ಮಾಡಿಸಿ. ಅಂಕಿ ಕದಲದಿದ್ದರೆ ಆ ದುಡ್ಡನ್ನು ಓಟ್ಸ್, ಬಾರ್ಲಿ, ಇಸಬ್ಗೋಲ್‌ಗೆ ಹಾಕಿ; ಅವುಗಳ ಕರಗುವ ನಾರು ಹಿಡಿದು ಹೊರಹಾಕುವುದೂ ಇದೇ ಪಿತ್ತಾಮ್ಲವನ್ನೇ.